ಮಗ್ಗುಲು ಬದಲಿಸಿದವರು: ಹಾಸಿಗೆ ಹುಣ್ಣಿನ ಒಂದು ಇತಿಹಾಸ

ನಮ್ಮ ಬಳಗದ ಯುಗಾದಿ, ದೀಪಾವಳಿಯ ಊಟದ ಸಾಲಿನಲ್ಲಿ ಈಚಿನ ವರ್ಷಗಳಲ್ಲಿ ಕೇಳಿಬರುವ ಮಾತು ಬದಲಾಗಿದೆ. ಮೊದಲೆಲ್ಲ ವೀಸಾ, ಮನೆ ಸಾಲ, ಮಕ್ಕಳ ಶಾಲೆ. ಈಗ ಊರಲ್ಲಿ ಹಾಸಿಗೆ ಹಿಡಿದ ಅಪ್ಪ ಅಥವಾ ಅಮ್ಮ. "ವಾಟರ್ ಬೆಡ್ ತರಿಸಿಕೊಟ್ಟಿದ್ದೇವೆ, ಒಬ್ಬರು ಹೋಂ ನರ್ಸ್ ಇಟ್ಟಿದ್ದೇವೆ, ಆದರೂ ಬೆನ್ನು ಹುಣ್ಣಾಗಿದೆಯಂತೆ" ಎಂದು ಯಾರಾದರೂ ಹೇಳಿದರೆ ಸುತ್ತ ನಿಂತ ನಾಲ್ಕು ಜನ ತಲೆದೂಗುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. ನಾನು 2001ರಲ್ಲಿ ಈ ದೇಶಕ್ಕೆ ನರ್ಸ್ ಆಗಿ ಬಂದವಳು. ಕೊನೆಯ ಹದಿನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಇಲ್ಲಿ ಟಿಶ್ಯೂ ವಯಬಿಲಿಟಿ ನರ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ವಾಸಿಯಾಗದ ಹುಣ್ಣುಗಳನ್ನು ನೋಡಿಕೊಳ್ಳುವವಳು. ನಿವೃತ್ತಿಯ ನಂತರ ಗ್ರಂಥಾಲಯಕ್ಕೆ ಹೋಗಿ ಈ ಹುಣ್ಣಿನ ಚರಿತ್ರೆಯನ್ನು ಹುಡುಕಿ ಓದಿದೆ. ಊಟದ ಸಾಲಿನಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ನಾವು ಹಾಸಿಗೆ ಹುಣ್ಣು ಎನ್ನುತ್ತೇವೆ, ಇಂಗ್ಲಿಷಿನವರೂ ಬೆಡ್ ಸೋರ್ ಎಂದೇ ಕರೆದರು. ಲ್ಯಾಟಿನ್ ಮೂಲದ ಡೆಕ್ಯುಬಿಟಸ್ ಎಂಬ ಪದಕ್ಕೂ ಮಲಗುವುದು ಎಂದೇ ಅರ್ಥ. ಮೂರೂ ಹೆಸರುಗಳು ತಪ್ಪನ್ನು ಹಾಸಿಗೆಯ ಮೇಲೆ ಹೊರಿಸುತ್ತವೆ. ಆದರೆ ಗಾಲಿಕುರ್ಚಿಯಲ್ಲಿ ದಿನವಿಡೀ ಕೂತವರಿಗೂ ಇದು ಬರುತ್ತದೆ, ಸರಿಯಾಗಿ ಕೂರದ ಕೃತಕ ಕಾಲಿನಿಂದಲೂ ಬರುತ್ತದೆ. ಒಳಗಿನ ಎಲುಬಿಗೂ ಹೊರಗಿನ ಗಟ್ಟಿ ಮೇಲ್ಮೈಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ, ಅಷ್ಟೇ. ಅದಕ್ಕಾಗಿಯೇ ಇದು ಬರುವುದು ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇಂಥಲ್ಲೇ. ಚರ್ಮಕ್ಕಿಂತ ಮೊದಲು ಒಳಗಿನ ಸ್ನಾಯು ಸಾಯುವುದರಿಂದ ಹೊರಗೆ ನಾಣ್ಯದಷ್ಟು ಕಂಡದ್ದು ಒಳಗೆ ಅಂಗೈಯಷ್ಟು ಇರಬಹುದು. ಮನೆಯವರು "ನಿನ್ನೆ ತನಕ ಏನೂ ಇರಲಿಲ್ಲ, ಇವತ್ತು ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿತು" ಎನ್ನುವುದು ಸುಳ್ಳಲ್ಲ. ಅವರು ನೋಡಿದ್ದು ನೆಲಮಾಳಿಗೆ ಸುಟ್ಟ ಮೇಲೆ ಮಹಡಿಗೆ ಬಂದ ಹೊಗೆಯನ್ನು.

ಇದು ಹೊಸ ಕಾಯಿಲೆಯಲ್ಲ. ಈಜಿಪ್ಟಿನ ಇಪ್ಪತ್ತೊಂದನೆಯ ರಾಜವಂಶದ ಕಾಲದ, ಅಂದರೆ ಸುಮಾರು ಮೂರು ಸಾವಿರ ವರ್ಷ ಹಿಂದಿನ, ಒಬ್ಬ ವೃದ್ಧ ಅರ್ಚಕಿಯ ಮಮ್ಮಿಯಲ್ಲಿ ಈ ಹುಣ್ಣುಗಳಿದ್ದವು. ಶವ ಕೆಡದಂತೆ ಕಟ್ಟಿದವರು ಅವನ್ನು ಮೃದು ಚರ್ಮದ ತುಂಡುಗಳಿಂದ ಮುಚ್ಚಿದ್ದರು. ಪರಲೋಕಕ್ಕೆ ಹೋಗುವಾಗ ಬೆನ್ನು ನೆಟ್ಟಗಿರಲಿ ಎಂದುಕೊಂಡಿರಬೇಕು.

ಚಿಕಿತ್ಸೆಯ ಕಥೆಯಲ್ಲಿ ನನಗೆ ಪ್ರಿಯವಾದ ಮೊದಲ ವ್ಯಕ್ತಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಸ್ ಪಾರೆ. 1569ರಲ್ಲಿ ಮೊಣಕಾಲಿನ ಬಳಿ ಗುಂಡೇಟು ತಿಂದು ಏಳು ತಿಂಗಳಿಂದ ಮಲಗಿದ್ದ ಒಬ್ಬ ಸರದಾರನನ್ನು ನೋಡಲು ಆತನನ್ನು ಕರೆಸುತ್ತಾರೆ. ಜ್ವರ, ಕೀವು, ಗುಳಿಬಿದ್ದ ಕಣ್ಣು, ಬೆನ್ನಿನ ಕೆಳಗೆ ಅಂಗೈಯಗಲದ ಹಾಸಿಗೆ ಹುಣ್ಣು. ಹುಣ್ಣಿನ ದೆಸೆಯಿಂದ ರೋಗಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಪಾರೆ ಮೊದಲು ಮಾಡಿಸಿದ್ದು ಇನ್ನೊಂದು ಮೆತ್ತನೆಯ ಹಾಸಿಗೆಯನ್ನು ಪಕ್ಕಕ್ಕೆ ತರಿಸಿ, ಶುಭ್ರ ಬಟ್ಟೆ ಹಾಸಿ, ರೋಗಿಯನ್ನು ಅಲ್ಲಿಗೆ ಎತ್ತಿ ಮಲಗಿಸಿದ್ದು. ಹುಣ್ಣಿನ ಜಾಗ ಹಾಸಿಗೆಗೆ ತಾಗದಂತೆ ಚಿಕ್ಕ ಮೆತ್ತನೆಯ ದಿಂಬು ಇಡಿಸಿದ. ಹೊಟ್ಟೆಗೆ ಒಳ್ಳೆಯ ಊಟ ಹೇಳಿದ. ನಿದ್ದೆ ಬರಲೆಂದು ಎತ್ತರದಿಂದ ಪಾತ್ರೆಯೊಳಗೆ ನೀರು ಸುರಿಸಿ ಮಳೆಯ ಸದ್ದು ಮಾಡಿಸಿದ! ಮಲೆನಾಡಿನಲ್ಲಿ ಹೆಂಚಿನ ಮನೆಯ ಕೆಳಗೆ ಮಲಗಿ ಬೆಳೆದ ನನಗೆ ಆ ಕೊನೆಯ ಉಪಾಯವನ್ನು ಓದಿದಾಗ ಬಹಳ ಖುಷಿಯಾಯಿತು. ಆ ರೋಗಿ ಬದುಕಿದ. ಒತ್ತಡ ತಪ್ಪಿಸು, ಶುಚಿಯಾಗಿಡು, ಊಟ ಕೊಡು, ನಿದ್ದೆ ಬರಿಸು. ನಾನು ಹೊಸ ನರ್ಸುಗಳಿಗೆ ಪಾಠ ಹೇಳುವಾಗ ಬರೆಸುತ್ತಿದ್ದ ಪಟ್ಟಿ ಇದಕ್ಕಿಂತ ಹೆಚ್ಚು ಉದ್ದವಿರಲಿಲ್ಲ.

ಹಾಗಿದ್ದರೆ ನಡುವಿನ ನಾನೂರು ವರ್ಷ ಏನಾಯಿತು? ಒಂದು ಕಡೆ ಹಾಸಿಗೆಯ ಉಪಾಯಗಳು ಬಂದವು. ನಮ್ಮವರು ಇಂದು ಔಷಧದ ಅಂಗಡಿಯಿಂದ ಕೊಳ್ಳುವ ವಾಟರ್ ಬೆಡ್ಡಿನ ಮುತ್ತಜ್ಜ ಲಂಡನ್ನಿನಲ್ಲಿ 1832ರಲ್ಲಿ ಹುಟ್ಟಿದ್ದು. ಸ್ಕಾಟ್‌ಲೆಂಡಿನ ವೈದ್ಯ ನೀಲ್ ಆರ್ನಟ್ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗಾಗಿ ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ಸಡಿಲವಾಗಿ ರಬ್ಬರ್ ಲೇಪದ ಬಟ್ಟೆ ಹರಡಿ, ಅದರ ಮೇಲೆ ತೆಳು ಹಾಸಿಗೆ ಹಾಸಿದ. ಭೌತಶಾಸ್ತ್ರ ಬಲ್ಲವನಾದ್ದರಿಂದ, ತೇಲುವ ದೇಹದ ಭಾರ ಒಂದೇ ಕಡೆ ಬೀಳದೆ ಹರಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದುಬಿಟ್ಟ. ಇವತ್ತಿನ ಹಾಸಿಗೆ ಕಂಪನಿಗಳು ಈ ಭಾಗವನ್ನು ಓದಬೇಕು.

ಇನ್ನೊಂದು ಕಡೆ ಒಂದು ದೊಡ್ಡ ಜಗಳ ನಡೆಯಿತು, ಅದರ ಬೆಲೆಯನ್ನು ರೋಗಿಗಳು ತೆತ್ತರು. ಪ್ಯಾರಿಸಿನ ನರರೋಗ ತಜ್ಞ ಷಾರ್ಕೊ ಬಹು ದೊಡ್ಡ ಹೆಸರು. ಬೆನ್ನುಹುರಿ ಅಥವಾ ಮೆದುಳು ಕೆಟ್ಟಾಗ ಚರ್ಮವನ್ನು ಪೋಷಿಸುವ ನರಗಳೂ ಕೆಡುತ್ತವೆ, ಆದ್ದರಿಂದ ಹುಣ್ಣು ಬಂದೇ ಬರುತ್ತದೆ ಎಂದು ಅವನು ಸಾರಿದ. ಅಂಥ ಹುಣ್ಣನ್ನು ಸಾವಿನ ಮುನ್ಸೂಚನೆ ಎಂದು ಹೆಸರಿಸಿದ. ಆದರೆ ಅದಕ್ಕೂ ಮೊದಲೇ, 1850ರ ದಶಕದಲ್ಲಿ, ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಬೆನ್ನುಹುರಿ ಕತ್ತರಿಸಿದ ಗಿನಿಯಿಲಿಗಳನ್ನು ಒತ್ತಡವಿಲ್ಲದಂತೆ, ಮೂತ್ರದಲ್ಲಿ ನೆನೆಯದಂತೆ ಇಟ್ಟರೆ ಹುಣ್ಣಾಗುವುದಿಲ್ಲ ಎಂದು ತೋರಿಸಿದ್ದ. ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ 1873ರ ತನ್ನ ಉಪನ್ಯಾಸದಲ್ಲಿ ಇದು ಒತ್ತಡದಿಂದ ಆಗುವ ಮಾಂಸದ ಸಾವು ಎಂದು ನೇರವಾಗಿ ಹೇಳಿದ. ಫ್ಲಾರೆನ್ಸ್ ನೈಟಿಂಗೇಲ್ ಅವರಂತೂ ಹಾಸಿಗೆ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬರ್ಥದ ಮಾತನ್ನು ಇನ್ನೂ ಮೊದಲೇ, 1859ರ ಹೊತ್ತಿಗೆ ಬರೆದಿದ್ದರು.

ಈ ಎರಡು ನಿಲುವುಗಳನ್ನೂ ತೂಗಿ ನೋಡಿದರೆ ಎರಡರಲ್ಲೂ ಒಂದು ಕೇಡಿದೆ ಎಂದು ನನ್ನ ಅಭಿಪ್ರಾಯ. ಷಾರ್ಕೊನ ಮಾತು ವೈದ್ಯರಿಗೆ ಕೈಕಟ್ಟಿ ಕೂರಲು ಅನುಮತಿ ಕೊಟ್ಟಿತು; ಬರುವುದನ್ನು ತಡೆಯಲಾಗದು ಎಂದ ಮೇಲೆ ರಾತ್ರಿ ಎದ್ದು ಮಗ್ಗುಲು ಬದಲಿಸುವವರು ಯಾರು? ನೈಟಿಂಗೇಲ್ ಮಾತು ಬಹುಪಾಲು ನಿಜ. ಆದರೆ ಅದು ಮುಂದಿನ ನೂರು ವರ್ಷ ಹುಣ್ಣನ್ನು ನರ್ಸಿನ ನಾಚಿಕೆಯನ್ನಾಗಿ ಮಾಡಿತು. ನಾಚಿಕೆಯಾದದ್ದನ್ನು ಜನ ಬಚ್ಚಿಡುತ್ತಾರೆ, ಎಣಿಸುವುದಿಲ್ಲ. ಎಣಿಸದ್ದನ್ನು ಯಾರೂ ಸಂಶೋಧಿಸುವುದಿಲ್ಲ. ವೈದ್ಯರಿಗೆ ಅದು ನರ್ಸಿನ ವಿಷಯ, ನರ್ಸಿಗೆ ಅದು ಮರ್ಯಾದೆಯ ವಿಷಯ.

ಈ ಗಂಟು ಬಿಚ್ಚಿದ್ದು ಒಬ್ಬ ವಲಸಿಗ. ಲುಡ್ವಿಗ್ ಗುಟ್‌ಮನ್ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಹೆಸರಾದ ನರವೈದ್ಯರಾಗಿದ್ದರು. ಯಹೂದಿಯಾದ್ದರಿಂದ ನಾಜಿಗಳ ಕಾಲದಲ್ಲಿ ಯಹೂದಿ ಆಸ್ಪತ್ರೆಯೊಂದಕ್ಕೆ ಸೀಮಿತರಾಗಿ, 1939ರಲ್ಲಿ ಹೆಂಡತಿ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಬಂದು ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿಕೊಂಡಿದ್ದರು. ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರಿಗಾಗಿ ಒಂದು ಘಟಕ ತೆರೆಯುತ್ತೇವೆ, ನೋಡಿಕೊಳ್ಳುತ್ತೀರಾ ಎಂದು ಸರ್ಕಾರ ಕೇಳಿದಾಗ, ನನ್ನ ಪದ್ಧತಿಯಂತೆಯೇ ನಡೆಸಲು ಬಿಟ್ಟರೆ ಮಾತ್ರ ಎಂದು ಒಪ್ಪಿಕೊಂಡರು. 1944ರ ಫೆಬ್ರವರಿ 1ರಂದು ಐಲ್ಸ್‌ಬರಿ ಬಳಿಯ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಅದು ಆರಂಭವಾಯಿತು.

ಆಗ ಅಂಥ ರೋಗಿಗಳ ಗತಿ ಏನಿತ್ತೆಂದು ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರಲ್ಲಿ ಶೇಕಡಾ 80ರಷ್ಟು ಮಂದಿ ಕೆಲವೇ ವರ್ಷಗಳೊಳಗೆ ಸತ್ತಿದ್ದರು. ಅವರನ್ನು ಕೊಂದದ್ದು ಗುಂಡಲ್ಲ. ಹಾಸಿಗೆ ಹುಣ್ಣಿನಿಂದ ಮತ್ತು ಮೂತ್ರಕೋಶದ ಸೋಂಕಿನಿಂದ ರಕ್ತಕ್ಕೆ ಏರಿದ ನಂಜು. ಎರಡನೆಯ ಯುದ್ಧದಲ್ಲೂ ಇಂಥವರನ್ನು ಪ್ಲಾಸ್ಟರಿನ ತೊಟ್ಟಿಲಿನಲ್ಲಿ ಬಿಗಿದು ಕಳಿಸುತ್ತಿದ್ದರು. ಒತ್ತಿದ್ದು ತಿಳಿಯದ ಮೈಗೆ ಗಟ್ಟಿ ಪ್ಲಾಸ್ಟರ್! ಬಿಚ್ಚಿದಾಗ ಒಳಗೆ ಎಲುಬು ಕಾಣುವ ಗುಂಡಿಗಳು. ನೋವು ನಮ್ಮ ಶತ್ರುವೆಂದು ನಾವು ತಿಳಿಯುತ್ತೇವೆ. ನೀವು ಈ ಲೇಖನ ಓದುತ್ತ ಕೂತಲ್ಲೇ ಎಷ್ಟು ಸಲ ಸರಿದಾಡಿದ್ದೀರಿ, ಗಮನಿಸಿ. ನಿದ್ದೆಯಲ್ಲೂ ನಮ್ಮನ್ನು ಹೊರಳಿಸುವುದು ಆ ಸಣ್ಣ ನೋವು. ಅದು ಹೋದವರ ಪಾಲಿಗೆ ಇನ್ನೊಬ್ಬರ ಕೈಯೇ ಆ ನೋವಿನ ಕೆಲಸ ಮಾಡಬೇಕು.

ಗುಟ್‌ಮನ್ ಪ್ಲಾಸ್ಟರನ್ನು ಕಿತ್ತು ಹಾಕಿಸಿದರು. ರೋಗಿಗಳನ್ನು ದಿಂಬುಗಳ ಮೇಲೆ ಮಲಗಿಸಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ, ಭಾನುವಾರವೂ ಸೇರಿ, ಎಂದು ಕಟ್ಟಪ್ಪಣೆ ಮಾಡಿದರು. ಆಗಿದೆಯೇ ಎಂದು ನೋಡಲು ನಡುರಾತ್ರಿ ತಾವೇ ವಾರ್ಡಿಗೆ ಬರುತ್ತಿದ್ದರು. ನರ್ಸುಗಳು ಸಾಲದಾದಾಗ ಸೇನೆಯ ಆರ್ಡರ್ಲಿಗಳನ್ನು ತರಬೇತಿ ಕೊಟ್ಟು ಬಳಸಿಕೊಂಡರು. ಪೆನಿಸಿಲಿನ್ ಕೂಡ ಅದೇ ಹೊತ್ತಿಗೆ ಬಂದಿತ್ತು ನಿಜ, ಆದರೆ ಸತ್ತ ಮಾಂಸದೊಳಗೆ ರಕ್ತವೇ ಹೋಗದಿದ್ದಾಗ ಔಷಧ ಹೇಗೆ ಹೋದೀತು? ಬದುಕಿಸಿದ್ದು ಮುಖ್ಯವಾಗಿ ಗಡಿಯಾರ ಮತ್ತು ಕೈಗಳು. ರೋಗಿಗಳು ಅವರನ್ನು ಬೆನ್ನ ಹಿಂದೆ "ಪೊಪ್ಪಾ" ಎನ್ನುತ್ತಿದ್ದರು, ಅಪ್ಪಯ್ಯ ಎಂದ ಹಾಗೆ. ಹುಣ್ಣು ಮಾಗಿ ಎದ್ದು ಕೂತವರಿಗೆ ಸುಮ್ಮನಿರಲು ಬಿಡದೆ ಕೈಗೆ ಬಿಲ್ಲು ಬಾಣ ಕೊಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಗಾಯಾಳುಗಳು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಕ್ರೀಡೆಯ ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರ ಬುಡದಲ್ಲಿ ಮಾಗಿದ ಬೆನ್ನುಗಳಿವೆ ಎಂಬುದನ್ನು ಕ್ರೀಡಾ ವರದಿಗಾರರು ಬರೆಯುವುದಿಲ್ಲ.

ಸೈನಿಕರು ಎಳೆಯರು, ದೇಶಕ್ಕೆ ಬೇಕಾದವರು. ಮುದುಕರ ಪಾಡು ಬೇರೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರನ್ ಪಕ್ಕದ ಬಡವರ ಆಸ್ಪತ್ರೆಯ ಹೊಣೆ ಹೊತ್ತಾಗ ಅಲ್ಲಿ 714 ಮಂದಿ ಬಹುಕಾಲದ ರೋಗಿಗಳಿದ್ದರು. ಅನೇಕರು ಮಲಗಿದ್ದದ್ದು ಕಾಯಿಲೆಯಿಂದಲ್ಲ, ಯಾರೂ ಎಬ್ಬಿಸದೆ ಇದ್ದುದರಿಂದ. ಅವರು ಎಬ್ಬಿಸಿದರು, ನಡೆಸಿದರು, ಮನೆಗೆ ಕಳಿಸಿದರು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯ ಹಾಸಿಗೆಯ ಅಪಾಯಗಳ ಬಗ್ಗೆಯೇ ಒಂದು ಚುರುಕಾದ ಲೇಖನ ಬರೆದರು. ವೃದ್ಧರ ವೈದ್ಯಕೀಯ ಹೀಗೆ ಹುಟ್ಟಿತು. ಆದರೆ ಆ ವಿಭಾಗಕ್ಕೆ ಬ್ರಿಟಿಷ್ ವೈದ್ಯರು ಬರಲು ಹಿಂಜರಿದರು. ಹೃದ್ರೋಗ, ಶಸ್ತ್ರಚಿಕಿತ್ಸೆಯಂಥ ಪ್ರತಿಷ್ಠಿತ ವಿಭಾಗಗಳ ಬಾಗಿಲು ಸುಲಭಕ್ಕೆ ತೆರೆಯದಿದ್ದ ಭಾರತ, ಪಾಕಿಸ್ತಾನ, ಶ್ರೀಲಂಕಾದ ವೈದ್ಯರು ಬಹು ಸಂಖ್ಯೆಯಲ್ಲಿ ಅಲ್ಲಿ ಸೇರಿ ಅದನ್ನು ಕಟ್ಟಿದರು. ನಮ್ಮ ಬಳಗದ ಹಿರಿಯ ವೈದ್ಯರಲ್ಲಿ ಕೆಲವರು ಆ ಕಥೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿ ಬರೆದಿಡಬೇಕಾದ ಇನ್ನೊಂದು ಲೇಖನ ಅದು.

ಎರಡನೆಯ ತಿರುವು ಒಬ್ಬ ನರ್ಸಿನಿಂದ ಬಂತು. ಆ ಕಾಲದ ವಾರ್ಡುಗಳಲ್ಲಿ ಬೆನ್ನಿನ ಆರೈಕೆ ಒಂದು ವ್ರತದಂತೆ ನಡೆಯುತ್ತಿತ್ತು. ಹೊತ್ತು ಹೊತ್ತಿಗೆ ತಳ್ಳುಗಾಡಿ ತಂದು ಸೋಪು ನೀರಿನಿಂದ ತೊಳೆಯುವುದು, ಸ್ಪಿರಿಟ್ ಹಾಕಿ ಗಸಗಸ ತಿಕ್ಕುವುದು, ಪೌಡರ್ ಉದುರಿಸುವುದು. ಹುಣ್ಣಾದರೆ ಮೊಟ್ಟೆಯ ಬಿಳಿ ಬಳಿದು ಆಮ್ಲಜನಕ ಊದಿ ಒಣಗಿಸುವುದು. ಪ್ರತಿ ಸಿಸ್ಟರಿಗೂ ತನ್ನದೇ ಒಂದು ರಾಮಬಾಣ. 1980ರ ದಶಕದ ಕೊನೆಗೆ ಕರ್ನಾಟಕದಲ್ಲಿ ನಾನು ಕಲಿತಾಗಲೂ ಸ್ಪಿರಿಟ್ ಮತ್ತು ಪೌಡರ್ ಪಾಠದಲ್ಲಿದ್ದವು. ಡೊರೀನ್ ನಾರ್ಟನ್ ಎಂಬಾಕೆ ಇವುಗಳಲ್ಲಿ ಯಾವುದರಿಂದ ನಿಜವಾಗಿ ಗುಣವಿದೆ ಎಂದು ಕೇಳಿದರು. ಎಷ್ಟು ಸರಳ ಪ್ರಶ್ನೆ, ಆದರೆ ಅಲ್ಲಿಯವರೆಗೆ ಕೇಳಿದವರಿರಲಿಲ್ಲ. ವೈದ್ಯರಾದ ಎಕ್ಸ್‌ಟನ್ ಸ್ಮಿತ್ ಮತ್ತು ಮೆಕ್‌ಲಾರೆನ್ ಜೊತೆ ಸೇರಿ ಅವರು ನಡೆಸಿದ ಅಧ್ಯಯನ 1962ರಲ್ಲಿ ಪುಸ್ತಕವಾಗಿ ಬಂತು. ಆಸ್ಪತ್ರೆಗೆ ಸೇರಿದ 250 ವೃದ್ಧರನ್ನು ಗಮನಿಸಿದಾಗ ಸುಮಾರು ಕಾಲುಭಾಗದವರಿಗೆ ಹುಣ್ಣಾಯಿತು, ಅದೂ ಹೆಚ್ಚಿನವರಿಗೆ ಮೊದಲ ಎರಡು ವಾರಗಳಲ್ಲೇ. ಬಳಿಯುವ ಪದಾರ್ಥಗಳಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಕ್ರಮವಾಗಿ ಮಗ್ಗುಲು ಬದಲಿಸಿದರೆ ಹುಣ್ಣು ಕಡಿಮೆಯಾಯಿತು.

ಅವರು ಕೊಟ್ಟ ಇನ್ನೊಂದು ಉಪಕರಣ ಒಂದು ಕಾಗದದ ತುಂಡು. ದೇಹಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ, ಈ ಐದಕ್ಕೆ 1ರಿಂದ 4ರವರೆಗೆ ಅಂಕ. ಒಟ್ಟು 20ಕ್ಕೆ 14 ಅಥವಾ ಕಡಿಮೆ ಬಂದರೆ ಎಚ್ಚರಿಕೆ. ಹುಣ್ಣಾದ ಮೇಲೆ ಯಾರ ತಪ್ಪು ಎಂದು ಹುಡುಕುವ ಬದಲು, ಆಗುವ ಮೊದಲೇ ಯಾರಿಗೆ ಆಗಬಹುದೆಂದು ಹುಡುಕಲು ಇದು ಕಲಿಸಿತು. ಆಮೇಲೆ 1985ರಲ್ಲಿ ಇಂಗ್ಲೆಂಡಿನ ಜೂಡಿ ವಾಟರ್ಲೊ, 1987ರಲ್ಲಿ ಅಮೆರಿಕದ ಬ್ರೇಡನ್ ಮತ್ತು ಬರ್ಗ್‌ಸ್ಟ್ರಾಮ್ ತಮ್ಮ ತಮ್ಮ ಅಳತೆಗಳನ್ನು ತಂದರು. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಯಲ್ಲಿ ನಾನು ಕಳೆದ ಮೀಟಿಂಗುಗಳ ಲೆಕ್ಕ ಬೇಡ. ಅಂಕ ಬರೆದು ಫೈಲಿನಲ್ಲಿಟ್ಟು ರೋಗಿಯನ್ನು ಹೊರಳಿಸದಿದ್ದರೆ ಮೂರೂ ಒಂದೇ. ಅಂದಹಾಗೆ ಅದೇ 1962ರಲ್ಲಿ ಜಾರ್ಜ್ ವಿಂಟರ್ ಎಂಬಾತ ಹಂದಿಗಳ ಮೇಲೆ ಪ್ರಯೋಗ ಮಾಡಿ, ಒಣಗಿಸಿದ ಗಾಯಕ್ಕಿಂತ ತೇವವಾಗಿಟ್ಟ ಗಾಯ ಬೇಗ ಮಾಗುತ್ತದೆ ಎಂದು ತೋರಿಸಿದ. ಮೊಟ್ಟೆ ಬಿಳಿಗೂ ಫ್ಯಾನಿನ ಗಾಳಿಗೂ ಅಲ್ಲಿಗೆ ಆಧಾರ ತಪ್ಪಿತು. ಜೇನು ತುಪ್ಪ ಸವರುತ್ತಿದ್ದ ಸುಶ್ರುತ ಸಂಹಿತೆಯ ವೈದ್ಯರಿಗೆ ಇದು ಆಶ್ಚರ್ಯವೆನಿಸುತ್ತಿರಲಿಲ್ಲ.

ಎರಡು ಗಂಟೆ ಎಂಬ ಲೆಕ್ಕ ದೇವವಾಕ್ಯವೇ? ಅಲ್ಲ. 1959ರಲ್ಲಿ ಕೊಸಿಯಾಕ್ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ತಿಳಿದದ್ದು, ಹೆಚ್ಚು ಒತ್ತಡ ಸ್ವಲ್ಪ ಹೊತ್ತಿನಲ್ಲಿ ಮಾಡುವ ಹಾನಿಯನ್ನು ಕಡಿಮೆ ಒತ್ತಡ ಬಹಳ ಹೊತ್ತಿನಲ್ಲಿ ಮಾಡುತ್ತದೆ ಎಂದು. ಹಾಗಾಗಿ ಹಾಸಿಗೆ ಒಳ್ಳೆಯದಿದ್ದರೆ ಅವಧಿ ಹಿಗ್ಗಬಹುದು. 2013ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳ 942 ಮಂದಿಯ ಅಧ್ಯಯನದಲ್ಲಿ, ದಪ್ಪ ಫೋಮ್ ಹಾಸಿಗೆಯ ಮೇಲೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಬ್ಬರೇ ಇಬ್ಬರೇ ನೋಡಿಕೊಳ್ಳುವ ಮನೆಗಳಿಗೆ ಇದು ದೊಡ್ಡ ಸಮಾಧಾನ; ರಾತ್ರಿ ನಾಲ್ಕು ಸಲ ಏಳುವ ಸೊಸೆ ಎರಡು ಸಲ ಎದ್ದರೆ ಸಾಕಾಗಬಹುದು, ಬೆಳಗ್ಗೆ ಬೆನ್ನು ನೋಡಿ ಚರ್ಮ ಸರಿಯಿದ್ದರೆ. ಇನ್ನು ಪಂಪಿನಿಂದ ಉಬ್ಬಿ ಇಳಿಯುವ ಏರ್ ಬೆಡ್. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ 2029 ರೋಗಿಗಳನ್ನು ನೋಡಿದಾಗ, ಅದಕ್ಕೂ ಒಳ್ಳೆಯ ಫೋಮ್ ಹಾಸಿಗೆಗೂ ಒಟ್ಟಾರೆ ಹೇಳುವಷ್ಟು ಅಂತರ ಸಿಗಲಿಲ್ಲ. ಏರ್ ಬೆಡ್ ಬೇಡವೆನ್ನುತ್ತಿಲ್ಲ. ಕರೆಂಟ್ ಹೋದಾಗ ಅದು ಚಪ್ಪಟೆಯಾಗಿ ಹಲಗೆಯಾಗುತ್ತದೆ ಎಂಬುದನ್ನು ಕೊಳ್ಳುವಾಗ ನೆನಪಿಡಿ. ಅದರ ಮೇಲೆ ರಬ್ಬರ್ ಶೀಟು, ಮಡಿಸಿದ ಸೀರೆ, ಕಂಬಳಿ ಎಂದು ನಾಲ್ಕು ಪದರ ಹಾಸಿದರೆ ಕೊಟ್ಟ ದುಡ್ಡು ನೀರುಪಾಲು. ನಡುವೆ ತೂತಿರುವ ಗಾಳಿ ಬಳೆಯನ್ನಂತೂ ದಯವಿಟ್ಟು ಕೊಳ್ಳಬೇಡಿ. ಹುಣ್ಣಿನ ಸುತ್ತ ರಕ್ತ ಬರುವ ದಾರಿಯನ್ನೇ ಅದು ಬಿಗಿಯುತ್ತದೆ.

ಈ ಚರಿತ್ರೆಯಲ್ಲಿ ನಮಗೆ ತೀರ ಹತ್ತಿರದ ಒಂದು ಅಧ್ಯಾಯ ತಡವಾಗಿ ಬರೆಯಲ್ಪಟ್ಟಿತು. ಹುಣ್ಣಿನ ಮೊದಲ ಹಂತದ ಲಕ್ಷಣ ಏನೆಂದರೆ ಚರ್ಮ ಕೆಂಪಾಗುವುದು, ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಮಾಸದೆ ಉಳಿಯುವುದು ಎಂದು ಪಠ್ಯಗಳು ಹೇಳುತ್ತ ಬಂದವು. ಬಿಳಿ ಚರ್ಮವನ್ನು ನೋಡಿ ಬರೆದ ವಾಕ್ಯ ಅದು. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಮಲಗಿದ ನನ್ನ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಕೊಟ್ಟ ಕಾಗದದಲ್ಲೂ ಅದೇ ಇತ್ತು. ಅತ್ತಿಗೆ ಫೋನಿನಲ್ಲಿ, "ಕೆಂಪಗಾದರೆ ತಿಳಿಸಿ ಅಂತ ಬರೆದಿದಾರೆ ಕಣೇ. ನಮ್ಮತ್ತೆ ಬಣ್ಣಕ್ಕೆ ಕೆಂಪು ಎಲ್ಲಿಂದ ಕಾಣಬೇಕು, ನೀನೇ ಹೇಳು" ಎಂದರು. ಆಸ್ಪತ್ರೆಯನ್ನೇ ನೋಡದ ಅತ್ತಿಗೆ ಕೇಳಿದ ಈ ಪ್ರಶ್ನೆಯನ್ನು ಅಮೆರಿಕದ ತಜ್ಞರ ಮಂಡಳಿ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡದ್ದು 1998ರಲ್ಲಿ. ಕಪ್ಪು ಮತ್ತು ಕಂದು ಚರ್ಮದವರಲ್ಲಿ ಮೊದಲ ಹಂತ ಕಣ್ಣಿಗೆ ಬೀಳದೆ, ಹುಣ್ಣು ಬಾಯಿಬಿಟ್ಟ ಮೇಲೆಯೇ ಗೊತ್ತಾಗುತ್ತಿತ್ತು. ವ್ಯಾಖ್ಯೆ ತಿದ್ದಿದರೂ ಕರಪತ್ರಗಳ ಚಿತ್ರಗಳು ಬಹುಕಾಲ ಬದಲಾಗಲಿಲ್ಲ.

ಅತ್ತಿಗೆಗೆ ನಾನು ಹೇಳಿದ್ದು ಇಷ್ಟು. ದಿನಕ್ಕೆ ಎರಡು ಸಲ, ಮೈ ಒರೆಸುವಾಗ, ಕಿಟಕಿಯ ಬೆಳಕಿನಲ್ಲಿ ಬಾಲಮೂಳೆ, ಎರಡೂ ಸೊಂಟ, ಎರಡೂ ಹಿಮ್ಮಡಿ ನೋಡುವುದು. ಬಣ್ಣಕ್ಕಿಂತ ಕೈಯನ್ನು ನಂಬುವುದು: ಅಂಗೈಯ ಹಿಂಭಾಗ ಇಟ್ಟಾಗ ಆ ಜಾಗ ಸುತ್ತಲಿಗಿಂತ ಬೆಚ್ಚಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಕಳಿತ ಹಣ್ಣಿನಂತೆ ಮೆತ್ತಗಿದೆಯೇ, ನೇರಳೆ ಅಥವಾ ಹೆಚ್ಚು ಕಪ್ಪು ಛಾಯೆ ಬಂದಿದೆಯೇ, ಮುಟ್ಟಿದರೆ ಅಮ್ಮ ಮುಖ ಹಿಂಡುತ್ತಾರೆಯೇ. ಏನಾದರೂ ಅನುಮಾನ ಬಂದರೆ ತಿಕ್ಕಬಾರದು, ಆ ಮಗ್ಗುಲಿಗೆ ಮಲಗಿಸಬಾರದು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಮೂಳೆ ಒತ್ತುತ್ತದೆ, ಆದ್ದರಿಂದ ಬೆನ್ನ ಹಿಂದೆ ಒಂದು ದಿಂಬು ಕೊಟ್ಟು ಅರ್ಧ ವಾಲಿಸಿದರೆ ಸಾಕು, ಸುಮಾರು 30 ಡಿಗ್ರಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡುವುದು. ಗಂಜಿಯ ಜೊತೆ ಬೇಳೆ, ಮೊಸರು, ಒಪ್ಪಿದರೆ ಮೊಟ್ಟೆ. ಚರ್ಮ ಒಡೆದರೆ, ವಾಸನೆ ಬಂದರೆ, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕರೆಸುವುದು. ಅಣ್ಣ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಹೊತ್ತು, ಎಡ, ಬಲ, ಬೆನ್ನು ಎಂದು ನಾಲ್ಕು ಕಾಲಂ ಮಾಡಿದ. ರಾತ್ರಿ ಹನ್ನೊಂದರದ್ದು ಅಣ್ಣ, ಮೂರರದ್ದು ಹೋಂ ನರ್ಸ್, ಬೆಳಗಿನ ಆರರದ್ದು ಅತ್ತಿಗೆ.

ಅಮ್ಮ ಹದಿನೇಳು ತಿಂಗಳು ಮಲಗಿದ್ದರು. ಕೊನೆಯ ಸ್ನಾನ ಮಾಡಿಸಿದ ಹೆಂಗಸರು ಬೆನ್ನು ನೋಡಿ, "ಒಂದು ಗಾಯ ಇಲ್ಲವಲ್ಲ" ಎಂದರಂತೆ. ಅತ್ತಿಗೆ ನನಗೆ ಅದನ್ನು ಎರಡು ಸಲ ಹೇಳಿದರು.